ಡ್ರೈಯರ್ ತಿರುಗುತ್ತದೆ, ಬಟ್ಟೆ ಮಾತ್ರ ಚಂಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಮೊದಲ ವಾರ ಮಳೆ ಹಿಡಿದರೆ ಎರಡನೇ ವಾರದಿಂದ ನನ್ನ ಫೋನು ಶುರು. ಅಷ್ಟು ಕಾಲ ಹಳೆಯ ಬೆಡ್‌ಶೀಟ್ ಹೊದ್ದು ಮೂಲೆಯಲ್ಲಿ ಕೂತಿದ್ದ ಡ್ರೈಯರನ್ನು ಆ ದಿನ ಎಳೆದು ಚಾಲು ಮಾಡಿರುತ್ತಾರೆ. ಗರಗರ ತಿರುಗುತ್ತದೆ, ಬಿಸಿ ಇಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕೇಳುವುದು ಹೆಚ್ಚುಕಡಿಮೆ ಇದನ್ನೇ. ಆಟಿ ತಿಂಗಳಿಗೆ (ಜುಲೈ–ಆಗಸ್ಟ್) ಅದು ಜಗಳದ ಧಾಟಿಗೆ ಬಂದಿರುತ್ತದೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಬರೆದಿದ್ದೇನೆ. "ಹೀಟರ್ ಹೋಗಿದೆ" ಎಂದು ಕರೆದ ಮನೆಗಳಲ್ಲಿ ಹೆಚ್ಚಿನ ಕಡೆ ಹೀಟರ್ ಗಟ್ಟಿಯಾಗಿಯೇ ಇತ್ತು, ಗಾಳಿ ಹೋಗುವ ದಾರಿ ಕಟ್ಟಿತ್ತು. ಮುಂದಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಅದರ ಸುತ್ತಲೇ ತಿರುಗುತ್ತವೆ.

## ಮಿಶನ್ ಬಿಚ್ಚುವ ಮೊದಲು

ನಮ್ಮದು ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್. ಅದರ ಡ್ರೈಯರ್ ಬಿಸಿಯೇ ಆಗುವುದಿಲ್ಲ, ಹೀಟರ್ ಹೋಯಿತಾ?

ಅದರಲ್ಲಿ ಹೀಟರೇ ಇಲ್ಲ ಅಕ್ಕ. ಪಕ್ಕದ ಚಿಕ್ಕ ತೊಟ್ಟಿಯನ್ನು ನಾವೆಲ್ಲ ಡ್ರೈಯರ್ ಎಂದು ಕರೆದು ಅಭ್ಯಾಸ, ಮಿಶನಿನ ಮೇಲೆ ಹಾಗೆ ಬರೆದೂ ಇರುತ್ತದೆ. ಆದರೆ ಅದು ಬಟ್ಟೆಯನ್ನು ಜೋರಾಗಿ ತಿರುಗಿಸಿ ನೀರು ಹಿಂಡುತ್ತದೆ, ಅಷ್ಟೇ. ಕೈಯಲ್ಲಿ ಹಿಂಡುವ ಕೆಲಸವನ್ನು ಮೋಟಾರು ಮಾಡಿದ ಹಾಗೆ. ಅದರಿಂದ ತೆಗೆದ ಬಟ್ಟೆ ತಣ್ಣಗೆ, ಸ್ವಲ್ಪ ಚಂಡಿಯಾಗಿ ಇರುವುದೇ ಸರಿ. ಈ ಪುಟ ಬಿಸಿಗಾಳಿಯಲ್ಲಿ ಬಟ್ಟೆ ಒಣಗಿಸುವ ಟಂಬಲ್ ಡ್ರೈಯರಿನ ಬಗ್ಗೆ.

ಬಿಸಿ ಆಗುತ್ತಿದೆಯೋ ಇಲ್ಲವೋ ಅಂತಲೇ ಗೊತ್ತಾಗುವುದಿಲ್ಲ. ಬಿಚ್ಚದೆ ತಿಳಿಯುವುದು ಹೇಗೆ?

ಒಂದು ಚಂಡಿ ಬೈರಾಸು ಹಾಕಿ, ಅತಿ ಹೆಚ್ಚು ಬಿಸಿಗೆ ಇಟ್ಟು, ಹತ್ತು ನಿಮಿಷ ಬಿಟ್ಟು ಬಾಗಿಲು ತೆಗೆದು ಡ್ರಮ್ಮಿನ ಒಳಗೋಡೆ ಮುಟ್ಟಿ. ಬೆಚ್ಚಗಾದರೂ ಇರಬೇಕು.

ಅದಕ್ಕಿಂತ ನಂಬಿಕೆಯದ್ದು ಹೊರಗಿನ ಕರೆಂಟ್ ಮೀಟರು. ಈಗಿನ ಮೀಟರುಗಳಲ್ಲಿ ಮಿನುಗುವ ಸಣ್ಣ ಕೆಂಪು ದೀಪ ಉಂಟಲ್ಲ, ಒಂದು ಯೂನಿಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂದು ಮೀಟರಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ನಿಮ್ಮದರಲ್ಲಿ 3200 ಎಂದಿದೆ ಎನ್ನಿ. ಫ್ರಿಜ್, ಪಂಪು ಎಲ್ಲ ಆಫ್ ಮಾಡಿ ಡ್ರೈಯರ್ ಒಂದನ್ನೇ ಓಡಿಸಿ. 2000 ವಾಟಿನ ಹೀಟರ್ ಎಳೆಯುತ್ತಿದ್ದರೆ ದೀಪ ಎರಡು ಸೆಕೆಂಡಿಗೆ ಮೂರೋ ನಾಲ್ಕೋ ಸಲ ಮಿನುಗುತ್ತದೆ. ಬರೇ ಮೋಟಾರು ಓಡುತ್ತಿದ್ದರೆ ಐದಾರು ಸೆಕೆಂಡಿಗೆ ಒಮ್ಮೆ. ಕೊಡೆ ಹಿಡಿದು ವರಾಂಡದ ಹೊರಗೆ ನಿಂತು ಎಣಿಸಿದರೂ ಒಂದು ನಿಮಿಷದ ಕೆಲಸ. ಫೋನಿನಲ್ಲೇ ಈ ಪರೀಕ್ಷೆ ಮಾಡಿಸಿ ನಾನು ಎಷ್ಟೋ ಸಲ ಬೈಕ್ ತೆಗೆಯುವುದನ್ನು ಉಳಿಸಿಕೊಂಡಿದ್ದೇನೆ.

ತಿರುಗುತ್ತದೆ, ದೀಪ ಎಲ್ಲ ಉರಿಯುತ್ತದೆ, ಬರುವುದು ತಣ್ಣಗಿನ ಗಾಳಿ. ಮೊದಲು ಎಂತ ನೋಡಬೇಕು?

ಯಾವ ಪ್ರೋಗ್ರಾಮಿನಲ್ಲಿ ಇಟ್ಟಿದ್ದೀರಿ ನೋಡಿ. ಬರೇ ಗಾಳಿ ಬಿಡುವ ಒಂದು ಪ್ರೋಗ್ರಾಂ ಹೆಚ್ಚಿನ ಮಿಶನುಗಳಲ್ಲಿ ಇರುತ್ತದೆ. ಮಕ್ಕಳು ಗುಂಡಿ ತಿರುಗಿಸಿದರೆ ಅಲ್ಲಿಗೆ ಹೋಗಿ ಕೂರುತ್ತದೆ. ನೀರ್ಚಾಲಿನ ಹತ್ತಿರ ಒಬ್ಬರು ಮಾಷ್ಟ್ರ ಮನೆಯಲ್ಲಿ ನಾನು ಹಿಂದಿನ ತಗಡು ಪೂರ್ತಿ ಬಿಚ್ಚಿದ ಮೇಲೆ ಅವರ ಮೊಮ್ಮಗಳು ಬಂದು "ಗುಂಡಿ ನಾನು ತಿರುಗಿಸಿದ್ದು" ಎಂದಳು. ಅಂದಿನಿಂದ ಸ್ಕ್ರೂಡ್ರೈವರ್ ತೆಗೆಯುವುದು ಗುಂಡಿ ನೋಡಿದ ಮೇಲೆಯೇ.

ಮತ್ತೆ ಲಿಂಟ್ ಜಾಲರಿ, ಅಂದರೆ ಬಟ್ಟೆಯಿಂದ ಉದುರುವ ನೂಲಧೂಳು ಹಿಡಿಯುವ ಜಾಲರಿ. ಅದರ ನಂತರ ಹಿಂದಿನ ದಪ್ಪ ಕೊಳವೆ: ಮಿಶನನ್ನು ಗೋಡೆಗೆ ಒತ್ತಿ ಇಟ್ಟು ಕೊಳವೆ ಚಪ್ಪಟೆಯಾಗಿದೆಯಾ ನೋಡಿ. ಕೊನೆಗೆ ಕೊಳವೆಯ ಹೊರಬಾಯಿ. ಹತ್ತು ತಿಂಗಳು ಬಳಸದೆ ಬಿಟ್ಟ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ಅಳಿಲು ತೆಂಗಿನ ನಾರು ತುಂಬಿಸಿರುತ್ತದೆ. ಮಿಶನ್ ಓಡುವಾಗ ಹೊರಬಾಯಿಗೆ ಕೈ ಹಿಡಿಯಿರಿ. ಗಾಳಿ ಅಂಗೈಯನ್ನು ದೂಡಬೇಕು.

ಜಾಲರಿಯ ನೂಲಧೂಳು ಪ್ರತಿ ಸಲ ತೆಗೆಯುತ್ತೇನೆ. ಆದರೂ ಗಾಳಿ ಕಟ್ಟುತ್ತದೆ ಅಂತ ಹೇಳ್ತೀರಲ್ಲ?

ಕೈಯಲ್ಲಿ ಎಳೆದು ತೆಗೆಯುವ ಆ ಬೂರುಗದ ಹತ್ತಿಯಂಥ ಪದರ ಹೋದರೂ ಜಾಲರಿಯ ಕಣ್ಣುಗಳಲ್ಲಿ ಒಂದು ಅಂಟು ಉಳಿಯುತ್ತದೆ. ಬಟ್ಟೆ ಮೆತ್ತಗಾಗಲಿ ಎಂದು ಹಾಕುವ ಪರಿಮಳದ ದ್ರವದ್ದು ಅದು; ಕಣ್ಣಿಗೆ ಕಾಣುವುದಿಲ್ಲ. ಜಾಲರಿಯನ್ನು ನಳ್ಳಿಯ ಕೆಳಗೆ ಅಡ್ಡ ಹಿಡಿದು ಒಂದು ಲೋಟ ನೀರು ಹೊಯ್ಯಿರಿ. ನೀರು ಸರಕ್ಕನೆ ಇಳಿದುಹೋದರೆ ಸರಿ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಹನಿಹನಿಯಾಗಿ ನಿಂತರೆ ಅಲ್ಲಿ ಗಾಳಿಯೂ ನಿಲ್ಲುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸಾಬೂನು, ಹಳೆಯ ಹಲ್ಲುಜ್ಜುವ ಬ್ರಶ್; ತಿಕ್ಕಿ, ಒಣಗಿಸಿ, ಮತ್ತೆ ಹಾಕಿ. ಜಾಲರಿ ಕೂರುವ ಸಂದಿಯ ಒಳಗೂ ಧೂಳು ಜಾರಿರುತ್ತದೆ, ಅದನ್ನು ವ್ಯಾಕ್ಯೂಮಿನಲ್ಲಿ ಎಳೆಯಿರಿ.

ಬಿಸಿ ಇದೆ. ಎರಡು ಗಂಟೆ ಓಡಿದರೂ ಜೀನ್ಸ್ ಒಣಗುವುದಿಲ್ಲ. ಇದೂ ಹೀಟರ್ ತೊಂದರೆಯಾ?

ಹಿಂಡುವ ತೊಂದರೆ ಇರಬಹುದು. ಒಂದು ಲೀಟರ್ ನೀರನ್ನು ಆವಿ ಮಾಡಲು ಸಾಧಾರಣ 0.7 ಯೂನಿಟ್ ಕರೆಂಟು ಬೇಕು. ಅಂದರೆ 2000 ವಾಟಿನ ಹೀಟರ್ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಉರಿಯಬೇಕು. ವಾಶಿಂಗ್ ಮಿಶನ್ ನಿಮಿಷಕ್ಕೆ 400 ಸುತ್ತಿನಲ್ಲಿ ಹಿಂಡಿ ಬಿಟ್ಟರೆ ಬಟ್ಟೆಯಲ್ಲಿ ಲೀಟರುಗಟ್ಟಲೆ ನೀರು ಉಳಿದಿರುತ್ತದೆ. 1000 ಸುತ್ತಿಗೆ ಇಟ್ಟು ಇನ್ನೊಮ್ಮೆ ಹಿಂಡಿ ನೋಡಿ.

ಎರಡನೆಯದು ಜಾಗ. ಕೊಳವೆಯನ್ನು ಹೊರಗೆ ಬಿಡದೆ ಮುಚ್ಚಿದ ಬಚ್ಚಲುಕೋಣೆಯಲ್ಲೇ ಬಿಟ್ಟಿದ್ದರೆ ಮಿಶನ್ ತಾನು ಬಿಟ್ಟ ಆವಿಯನ್ನು ತಾನೇ ಎಳೆಯುತ್ತದೆ. ಗೋಡೆ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ. "ಹೊರಗೆ ಇಷ್ಟು ಮಳೆ, ಗಾಳಿಯೇ ಚಂಡಿ, ಡ್ರೈಯರ್ ಎಂತ ಮಾಡೀತು" ಎನ್ನುವವರೂ ಇದ್ದಾರೆ. ಆ ಚಂಡಿ ಗಾಳಿಯನ್ನೇ ಬಿಸಿ ಮಾಡಿದರೆ ಅದಕ್ಕೆ ಇನ್ನಷ್ಟು ನೀರು ಹೀರುವ ಶಕ್ತಿ ಬರುತ್ತದೆ. ಹೀರಿದ ಮೇಲೆ ಅದು ಹೊರಗೆ ಹೋಗಬೇಕು, ಅಷ್ಟೇ.

ಕೊನೆಯ ಹತ್ತು ನಿಮಿಷ ಯಾವಾಗಲೂ ತಣ್ಣಗಿನ ಗಾಳಿ. ಸರಿ ಮಾಡಿಸಬೇಕಾ?

ಬೇಡ. ಅದು ಬೇಕೆಂದೇ ಇಟ್ಟ ವ್ಯವಸ್ಥೆ. ಬಟ್ಟೆಯ ಬಿಸಿ ಇಳಿಯಲಿ ಎಂದು ಹೀಟರ್ ಆಫ್ ಆಗಿ ಡ್ರಮ್ ಮಾತ್ರ ತಿರುಗುತ್ತದೆ. ನಡುವೆ ನಿಲ್ಲಿಸಿ ಬಿಸಿ ಬಟ್ಟೆಯ ರಾಶಿಯನ್ನು ಬುಟ್ಟಿಗೆ ತುರುಕಬೇಡಿ. ಎಣ್ಣೆಸ್ನಾನದ ಬೈರಾಸು, ಅಡಿಗೆಮನೆಯ ಮಸಿಬಟ್ಟೆಗಳನ್ನಂತೂ ಡ್ರೈಯರಿಗೆ ಹಾಕಲೇಬೇಡಿ. ಒಗೆದ ಮೇಲೂ ನೂಲಿನಲ್ಲಿ ಉಳಿದ ಎಣ್ಣೆ ಬಿಸಿಯಲ್ಲಿ ಗಾಳಿಯ ಆಮ್ಲಜನಕದ ಜೊತೆ ಸೇರಿ ತಾನಾಗಿ ಇನ್ನಷ್ಟು ಬಿಸಿಯಾಗುತ್ತದೆ. ಮಡಚಿಟ್ಟ ರಾಶಿಯಲ್ಲೇ ಹೊಗೆ ಎದ್ದು ಬೆಂಕಿ ಹಿಡಿಯುವುದು ಹೀಗೆ.

## ಕರೆಂಟಿನ ವಿಷಯ

ರಾತ್ರಿ ಹಾಕಿದರೆ ಬಿಸಿ ಆಗುತ್ತದೆ, ಸಂಜೆ ಹಾಕಿದರೆ ಇಲ್ಲ. ಮಿಶನಿಗೆ ಎಂತದು?

ಮಿಶನಿಗೆ ಏನೂ ಇಲ್ಲ, ವೋಲ್ಟೇಜು ಬಿದ್ದಿದೆ. ಹೀಟರಿನ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತದೆ. 230ರಲ್ಲಿ 2000 ವಾಟ್ ಕೊಡುವ ಕಾಯಿಲ್ (ಹೀಟರಿನ ಬಿಸಿಯಾಗುವ ತಂತಿಸುರುಳಿ) 180 ವೋಲ್ಟಿನಲ್ಲಿ ಕೊಡುವುದು ಸುಮಾರು 1225 ವಾಟ್. ವೋಲ್ಟೇಜು ಕಾಲುಭಾಗವೂ ಬಿದ್ದಿಲ್ಲ, ಬಿಸಿ ಮಾತ್ರ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಹೋಯಿತು. ಬೇಸಗೆಯಲ್ಲಿ ಅಡಕೆ ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ಹೀಗಾಗುತ್ತದೆ. ಮಳೆಗಾಲದಲ್ಲಿ ಪಂಪು ಇಲ್ಲ, ಆದರೆ ಲೈನಿಗೆ ಒರಗಿದ ಕೊಂಬೆ ಉಂಟು, ಕಂಬದ ಮೇಲೆ ತುಕ್ಕು ಹಿಡಿದ ಜಾಯಿಂಟ್ ಉಂಟು. ಡ್ರೈಯರ್ ಓಡುವಾಗಲೇ ಪ್ಲಗ್ ಪಾಯಿಂಟಿನಲ್ಲಿ ವೋಲ್ಟೇಜು ಅಳೆಯಿಸಿ. ಓಡದಿರುವಾಗ 225 ತೋರಿಸಿ, ಓಡಿದ ಕೂಡಲೇ 175ಕ್ಕೆ ಇಳಿದರೆ ಎಲ್ಲೋ ಜಾಯಿಂಟ್ ಸಡಿಲ. ಮನೆಯೊಳಗಿನದಾದರೆ ವಯರಿಂಗಿನವರನ್ನು ಕರೆಯಿರಿ, ಕಂಬದ್ದಾದರೆ 1912ಕ್ಕೆ ದೂರು ಕೊಡಿ. ಸ್ಟೆಬಿಲೈಸರ್ ಹಾಕುವುದಾದರೆ ಫ್ರಿಜ್ಜಿನದ್ದು ಸಾಕಾಗುವುದಿಲ್ಲ, 4 ಕೆ.ವಿ.ಎ.ಗೆ ಕಡಿಮೆಯದ್ದು ಬೇಡ.

ಇನ್ವರ್ಟರಿನಲ್ಲಿ ಓಡಿಸಬಹುದಾ?

ಇಲ್ಲ. ಮನೆಯ ಇನ್ವರ್ಟರುಗಳು ಸಾಧಾರಣ 800ರಿಂದ 1500 ವಿ.ಎ.ಯವು. ಹೀಟರ್ ಒಂದೇ 2000 ವಾಟ್ ಕೇಳುತ್ತದೆ.

ಗಲ್ಫಿನಿಂದ ತಂದ ಡ್ರೈಯರ್. ಅಲ್ಲಿ ಚಂದ ಓಡುತ್ತಿತ್ತು. ಇಲ್ಲಿ ಬಿಸಿ ಆಗಿ ಆಗಿ ನಿಲ್ಲುತ್ತದೆ ಯಾಕೆ?

ಗಲ್ಫಿನಲ್ಲಿ ಎಲ್ಲಿಂದ ಎಂದು ನಾನು ಮೊದಲು ಕೇಳುವುದು. ದುಬೈ, ಒಮಾನ್, ಕುವೈತ್, ಕತಾರ್ ಎಲ್ಲ ನಮ್ಮ ಹಾಗೆಯೇ 50 ಹರ್ಟ್ಸ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿಯುತ್ತದೆ ಎನ್ನುವ ಲೆಕ್ಕ), ವೋಲ್ಟೇಜೂ ಹತ್ತಿರ ಹತ್ತಿರ ನಮ್ಮದೇ. ಸೌದಿಯದ್ದು 60 ಹರ್ಟ್ಸ್. ಅಲ್ಲಿಗೆಂದೇ ಮಾಡಿದ ಮಿಶನಿನ ಮೋಟಾರು ಇಲ್ಲಿ ಆರರಲ್ಲಿ ಒಂದು ಪಾಲು ನಿಧಾನ ತಿರುಗುತ್ತದೆ. ಹೆಚ್ಚಿನವುಗಳಲ್ಲಿ ಫ್ಯಾನೂ ಅದೇ ಮೋಟಾರಿನದ್ದು, ಹಾಗಾಗಿ ಗಾಳಿ ಕಡಿಮೆ. ಹೀಟರ್ ಮಾತ್ರ ಅಷ್ಟೇ ಬಿಸಿ ಕೊಡುತ್ತದೆ. ಬಿಸಿ ಒಳಗೇ ಉಳಿದು, ಬಿಸಿಯನ್ನು ಮಿತಿಯಲ್ಲಿಡುವ ಸ್ವಿಚ್ಚಾದ ಥರ್ಮೋಸ್ಟಾಟ್ ಕಟ್ ಮಾಡುತ್ತದೆ. ಇದಕ್ಕೆ ಸುಲಭದ ಮದ್ದಿಲ್ಲ. ಸೌದಿಯ ಕೆಲವು ಹಳೆಯ ಮನೆಗಳಲ್ಲಿ 127 ವೋಲ್ಟ್ ಇತ್ತು; ಆ ಕಾಲದ ಮಿಶನ್ ಆದರೆ ನೇರ ಪ್ಲಗ್ಗಿಗೆ ಹಾಕಲೇಬೇಡಿ. ಹಿಂದಿನ ತಗಡಿನ ಸ್ಟಿಕ್ಕರಿನಲ್ಲಿ ವೋಲ್ಟ್, ಹರ್ಟ್ಸ್ ಎರಡೂ ಬರೆದಿರುತ್ತದೆ.

ಇನ್ನೊಂದು ಪ್ಲಗ್ಗಿನ ಕತೆ. ಗಲ್ಫಿನ ಮೂರು ಚೌಕ ಕಾಲಿನ ಪ್ಲಗ್ಗಿಗೆ ಅಂಗಡಿಯ ಅಡಾಪ್ಟರ್ ಸಿಕ್ಕಿಸಿ ಫ್ಯಾನಿನ 6 ಆಂಪಿಯರ್ ಪಾಯಿಂಟಿಗೆ ಹಾಕುತ್ತಾರೆ. 2000 ವಾಟ್ ಎಂದರೆ 9 ಆಂಪಿಯರಿನ ಹತ್ತಿರ. ಉಪ್ಪಳದ ಒಂದು ಮನೆಯಲ್ಲಿ ನಾನು ಎಳೆದಾಗ ಅಡಾಪ್ಟರಿನ ಅರ್ಧ ಭಾಗ ಬೆಲ್ಲದ ಪಾಕದ ಹಾಗೆ ಗೋಡೆಯಲ್ಲೇ ಉಳಿಯಿತು. 16 ಆಂಪಿಯರಿನ ದಪ್ಪ ಪ್ಲಗ್ ಹಾಕಿಸಿ, ಅರ್ತಿಂಗ್ ಸಹಿತ.

ಯೂಟ್ಯೂಬಿನಲ್ಲಿ ಎರಡು ಬ್ರೇಕರಿನಲ್ಲಿ ಒಂದು ಬಿದ್ದರೆ ಬಿಸಿ ಆಗುವುದಿಲ್ಲ ಅಂತ ಹೇಳ್ತಾರೆ. ನಮ್ಮಲ್ಲಿ ಹಾಗೆ ಆಗುತ್ತದಾ?

ಅದು ಅಮೆರಿಕದ ಮನೆಗಳ ಮಾತು. ಅಲ್ಲಿ ಹೀಟರಿಗೆ ಎರಡು ಲೈನ್ ಸೇರಿ 240 ವೋಲ್ಟ್, ಮೋಟಾರಿಗೆ ಒಂದು ಲೈನಿನ 120. ಒಂದು ಲೈನ್ ಹೋದರೆ ಡ್ರಮ್ ತಿರುಗುತ್ತದೆ, ಬಿಸಿ ಇರುವುದಿಲ್ಲ. ನಮ್ಮ ಮನೆಯ ಮಿಶನಿನಲ್ಲಿ ಎರಡೂ ಅದೇ ಒಂದು 230ರಲ್ಲಿ ಓಡುವುದು, ಹಾಗಾಗಿ ಡ್ರಮ್ ತಿರುಗುತ್ತಿದ್ದರೆ ಬ್ರೇಕರ್ ಹುಡುಕಬೇಕಾಗಿಲ್ಲ. ಹಾಸ್ಟೆಲ್, ಲಾಂಡ್ರಿಗಳ ತ್ರೀ ಫೇಸ್ ಮಿಶನುಗಳಲ್ಲಿ ಮಾತ್ರ ಒಂದು ಫೇಸ್ ಹೋಗಿ ಬಿಸಿ ಕುಂದಿದ್ದು ಕಂಡಿದ್ದೇನೆ. ಅದೇ ವೀಡಿಯೊಗಳಲ್ಲಿ ಬರುವ ಗ್ಯಾಸಿನ ಡ್ರೈಯರ್ ನಮ್ಮ ಮನೆಗಳಲ್ಲಿ ಇಲ್ಲ, ಆ ಭಾಗ ಬಿಟ್ಟು ನೋಡಿ.

ಬಿಸಿ ಶುರು ಆದ ಕೂಡಲೇ ಇ.ಎಲ್.ಸಿ.ಬಿ. ಬೀಳುತ್ತದೆ. ಅದನ್ನು ತೆಗೆದು ನೇರ ಕೊಡಬಹುದಾ?

ಬೇಡ ಮಾರಾಯ್ರೇ. ಕರೆಂಟು ಎಲ್ಲೋ ಸೋರಿದರೆ ಲೈನ್ ಕಡಿಯಲೆಂದೇ ಇರುವ ಸ್ವಿಚ್ ಅದು. ಹೀಟರಿನ ಕಾಯಿಲ್ ತುಂಡಾಗಿಯೋ ಜೋತುಬಿದ್ದೋ ತಗಡಿಗೆ ತಾಗಿದೆ ಎಂದು ಅದು ಹೇಳುತ್ತಿದೆ. ನೇರ ಕೊಟ್ಟರೆ ಚಂಡಿ ಕೈಯಲ್ಲಿ ಬಾಗಿಲು ಮುಟ್ಟುವವರಿಗೆ ಶಾಕ್. ತಿಂಗಳುಗಟ್ಟಲೆ ತೇವದಲ್ಲಿ ಬಿದ್ದಿದ್ದ ಮಿಶನಾದರೆ ತೇವದಿಂದಲೂ ಬೀಳುವುದುಂಟು. ಬರೇ ಗಾಳಿಯ ಪ್ರೋಗ್ರಾಮಿನಲ್ಲಿ ಒಂದು ಗಂಟೆ ಓಡಿಸಿ ನೋಡಿ. ಮತ್ತೂ ಬಿದ್ದರೆ ಹೀಟರ್ ಬದಲಿಸಬೇಕು.

## ಮಲ್ಟಿಮೀಟರ್ ಹಿಡಿಯಲು ಬರುವವರಿಗೆ

ಯಾವುದನ್ನು ಎಲ್ಲಿ ಅಳೆಯಬೇಕು? ಎಷ್ಟು ತೋರಿಸಬೇಕು?

ಪ್ಲಗ್ ಎಳೆದು, ಪ್ಲಗ್ಗಿನ ತುದಿ ನಿಮ್ಮ ಕಣ್ಣೆದುರು ಇರುವ ಹಾಗೆ ಇಟ್ಟುಕೊಂಡು ಶುರು ಮಾಡಿ. ಹೀಟರಿನ ಒಂದು ವಯರ್ ಕಳಚಿ ಎರಡು ತುದಿಗೆ ಮೀಟರ್ ಹಿಡಿಯಿರಿ. 2000 ವಾಟಿನದ್ದಾದರೆ 26 ಓಮಿನ ಆಸುಪಾಸು, 2500ರದ್ದಾದರೆ 21. ಎರಡು ಕಾಯಿಲ್ ಇರುವ ಮಿಶನಿನಲ್ಲಿ ಒಂದೊಂದು 1000 ವಾಟಿನದ್ದಾದರೆ ಒಂದೊಂದಕ್ಕೆ 53. ಅದರಲ್ಲಿ ಒಂದು ಸತ್ತರೆ "ಬಿಸಿ ಉಂಟು, ಸಾಲದು" ಎನ್ನುವ ದೂರು ಬರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ತುಂಡು. ಕಾಯಿಲಿನ ತುದಿಗೂ ತಗಡಿಗೂ ನಡುವೆ ಏನೂ ತೋರಿಸಬಾರದು.

ಥರ್ಮಲ್ ಫ್ಯೂಸ್ ಮತ್ತು ಥರ್ಮೋಸ್ಟಾಟ್ ತಣ್ಣಗಿರುವಾಗ ಸೊನ್ನೆಯ ಹತ್ತಿರ ತೋರಿಸಬೇಕು. ಗಾಳಿಯ ಬಿಸಿ ಅಳೆದು, ಮಿಶನನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿಗೆ ಹೇಳುವ ಥರ್ಮಿಸ್ಟರಿನ ಅಂಕೆ ಮಿಶನಿನಿಂದ ಮಿಶನಿಗೆ ಬೇರೆ, ಸಾಧಾರಣವಾಗಿ ಸಾವಿರಗಳ ಲೆಕ್ಕದ ಓಮ್. ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತರೆ ಅಂಕೆ ಮೆಲ್ಲಮೆಲ್ಲ ಇಳಿಯಬೇಕು. ಕೈಯ ಬಿಸಿಗೆ ಅಲುಗದೆ ಕೂತರೆ ಅದು ಹೋಗಿದೆ.

ಥರ್ಮಲ್ ಫ್ಯೂಸ್ ಹೋಗಿದೆಯಂತೆ. ಎರಡು ವಯರ್ ಒಟ್ಟಿಗೆ ಸೇರಿಸಿದರೆ ಓಡುತ್ತದಲ್ಲ?

ಓಡುತ್ತದೆ, ಅದೇ ಹೆದರಿಕೆ. ಬಿಸಿ ಮಿತಿ ಮೀರಿದಾಗ ಒಂದೇ ಒಂದು ಸಲ ಕಟ್ ಆಗಿ ಸಾಯಲೆಂದೇ ಅದನ್ನು ಇಟ್ಟಿರುವುದು. ಹಾಗೆ ವಯರ್ ಸೇರಿಸಿ ಕೊಟ್ಟ ಒಂದು ಮಿಶನ್ ನನ್ನ ಕೈಗೆ ಬಂದಿತ್ತು. ಡ್ರಮ್ಮಿನ ಅಂಚಿನ ಬಿಳಿ ಫೆಲ್ಟ್ ಪಟ್ಟಿ ಸುಟ್ಟ ದೋಸೆಯ ಬಣ್ಣಕ್ಕೆ ತಿರುಗಿತ್ತು, ಹೀಟರ್ ಪೆಟ್ಟಿಗೆಯ ಮೂಲೆಯ ನೂಲಧೂಳು ಕರಿ ಹಿಡಿದಿತ್ತು. ಮನೆಯವರು ಹೇಳಿದ್ದು "ಸ್ವಲ್ಪ ವಾಸನೆ ಬರ್ತಿತ್ತು" ಎಂದಷ್ಟೇ.

ಫ್ಯೂಸು ಸಣ್ಣ ಸಾಮಾನು. ಆದರೆ ಹೊಸತು ಹಾಕುವ ಮೊದಲು ಹಳೆಯದು ಯಾಕೆ ಸತ್ತಿತು ಎಂದು ನೋಡಲೇಬೇಕು: ಜಾಲರಿ, ಕೊಳವೆ, ಹೊರಬಾಯಿ, ಫ್ಯಾನಿನ ಎಲೆಗಳಲ್ಲಿ ಸುತ್ತಿಕೊಂಡ ನೂಲು. ಥರ್ಮೋಸ್ಟಾಟ್ ಅಂಟಿಕೊಂಡು ಹೀಟರನ್ನು ಆಫ್ ಮಾಡದೆ ಬಿಟ್ಟದ್ದೂ ಇರಬಹುದು, ಹಾಗಾಗಿ ನಾನು ಎರಡನ್ನೂ ಒಟ್ಟಿಗೇ ಬದಲಿಸುತ್ತೇನೆ. ಕೆಲವು ಮಿಶನಿನಲ್ಲಿ ಫ್ಯೂಸಿನ ಬದಲು ಹಿಂದೆ ಒಂದು ಕೆಂಪು ಒತ್ತುಗುಂಡಿ ಇರುತ್ತದೆ. ತಣ್ಣಗಾದ ಮೇಲೆ ಒತ್ತಿದರೆ ಟಿಕ್ ಎಂದು ಕೂರುತ್ತದೆ. ವಾರಕ್ಕೊಮ್ಮೆ ಒತ್ತುವ ಪರಿಸ್ಥಿತಿ ಬಂದರೆ ಗುಂಡಿಯನ್ನು ಬೈಯಬೇಡಿ.

ಹೊಸ ಹೀಟರ್ ಹಾಕಿಸಿ ಎರಡೇ ವಾರ. ಮತ್ತೆ ತಣ್ಣಗೆ. ಮೋಸ ಮಾಡಿದರಾ?

ಸಾಮಾನು ಕಳಪೆಯಾಗಿರಬಹುದು, ಇಲ್ಲ ಎನ್ನಲಾರೆ. ಆದರೆ ಕಾಯಿಲ್ ಉಳಿಯುವುದು ಅದರ ಮೇಲೆ ಗಾಳಿ ಹರಿಯುತ್ತಿದ್ದರೆ. ಕಟ್ಟಿದ ಕೊಳವೆಯನ್ನು ಹಾಗೇ ಬಿಟ್ಟು ಹೊಸ ಕಾಯಿಲ್ ಹಾಕಿದರೆ ಅದೂ ಕೆಂಪಾಗಿ ಉರಿದು ತುಂಡಾಗುತ್ತದೆ. ರಿಪೇರಿಯವರು ಹೊರಬಾಯಿಯ ಹತ್ತಿರ ಹೋದದ್ದನ್ನು ನೀವು ನೋಡಿದ್ದೀರಾ? ಹೋಗದಿದ್ದರೆ ಕೆಲಸ ಅರ್ಧವೇ ಆದದ್ದು.

ಹೀಟರ್ ಸರಿ, ಫ್ಯೂಸ್ ಸರಿ, ಎಲ್ಲ ಸರಿ. ಹೀಟರಿಗೆ ಕರೆಂಟೇ ಬರುವುದಿಲ್ಲ.

ಬೋರ್ಡಿನ ಮೇಲಿನ ರಿಲೇ, ಅಂದರೆ ಹೀಟರನ್ನು ಆನ್ ಆಫ್ ಮಾಡುವ ಸಣ್ಣ ಸ್ವಿಚ್. ಸಕ್ಕರೆ ಡಬ್ಬದಷ್ಟೇ ಪ್ರೀತಿ ಇರುವೆಗಳಿಗೆ ಅದರ ಮೇಲೂ ಉಂಟು. ಒಳಗೆ ಹೊಕ್ಕು ಸಂಪರ್ಕದ ನಡುವೆ ಸತ್ತು ಕೂರುತ್ತವೆ. ಹಲ್ಲಿ ಬಿದ್ದು ಸುಟ್ಟ ಬೋರ್ಡುಗಳೂ ಬರುತ್ತವೆ. ತುಲಾ ತಿಂಗಳ ಗುಡುಗುಮಳೆಯ ಮರುದಿನ ಬರುವ ಬೋರ್ಡುಗಳದ್ದೇ ಒಂದು ರಾಶಿ. ಅಕ್ಟೋಬರ್, ನವೆಂಬರಿನಲ್ಲಿ ಮಧ್ಯಾಹ್ನ ಮೇಲೆ ಮೋಡ ಕಟ್ಟಿದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಎಳೆದಿಡಿ. ರಿಲೇ ಒಂದೇ ಹೋಗಿದ್ದರೆ ಬೆಸುಗೆ ಗೊತ್ತಿರುವವರು ಬದಲಿಸಿ ಕೊಡುತ್ತಾರೆ, ಇಡೀ ಬೋರ್ಡ್ ಬೇಕಾಗಿಲ್ಲ.

ಬೋರ್ಡಿಗೆ ಹೋಗುವ ಮೊದಲು ಮೋಟಾರನ್ನೂ ನೋಡಿ. ಕೆಲವು ಮಾದರಿಗಳಲ್ಲಿ ಮೋಟಾರು ಪೂರ್ತಿ ವೇಗಕ್ಕೆ ಬಂದ ಮೇಲೆಯೇ ಹೀಟರಿಗೆ ದಾರಿ ಬಿಡುವ ಸ್ವಿಚ್ ಮೋಟಾರಿನ ಮೇಲೆಯೇ ಇರುತ್ತದೆ. ಗಾಳಿ ಇಲ್ಲದೆ ಹೀಟರ್ ಉರಿಯದಿರಲಿ ಎಂದು.

## ಬೇರೆ ಬಗೆಯ ಮಿಶನುಗಳು

ನಮ್ಮದಕ್ಕೆ ಕೊಳವೆಯೇ ಇಲ್ಲ, ನೀರಿನ ಡಬ್ಬ ಉಂಟು. ಅದಕ್ಕೂ ಇದೇ ಲೆಕ್ಕವಾ?

ಅದು ಕಂಡೆನ್ಸರ್ ಬಗೆ. ಆವಿಯನ್ನು ಒಳಗೇ ತಣಿಸಿ ನೀರು ಮಾಡಿ ಡಬ್ಬಕ್ಕೆ ತುಂಬಿಸುತ್ತದೆ. ಡಬ್ಬ ತುಂಬಿದರೆ ಮಿಶನ್ ನಿಲ್ಲುತ್ತದೆ. ಕೆಲವೊಮ್ಮೆ ಖಾಲಿ ಡಬ್ಬ ಹಾಕಿದರೂ ಒಳಗಿನ ತೇಲುಗುಂಡು ಮೇಲೆಯೇ ಸಿಕ್ಕಿಕೊಂಡು ತುಂಬಿದೆ ಎಂದು ಸುಳ್ಳು ಹೇಳುತ್ತದೆ. ಕೆಳಗಿನ ಬಾಗಿಲು ತೆಗೆದರೆ ಎಳೆದು ತೆಗೆಯುವ ಕಂಡೆನ್ಸರ್ ಪೆಟ್ಟಿಗೆ ಸಿಗುತ್ತದೆ. ತಿಂಗಳಿಗೊಮ್ಮೆ ನಳ್ಳಿಯ ಕೆಳಗೆ ಹಿಡಿದು, ನೀರು ಸ್ವಚ್ಛವಾಗಿ ಹೊರಬರುವವರೆಗೆ ತೊಳೆಯಿರಿ. ಹಾಗೊಂದು ಪೆಟ್ಟಿಗೆ ಉಂಟೆಂದೇ ಗೊತ್ತಿಲ್ಲದೆ ಐದು ವರ್ಷ ಓಡಿಸಿದವರಿದ್ದಾರೆ.

ಹೀಟ್ ಪಂಪ್ ಡ್ರೈಯರ್ ತೆಗೆದುಕೊಂಡೆವು. ಬೆಚ್ಚಗೆ ಆಗುತ್ತದೆ, ಬಿಸಿ ಆಗುವುದಿಲ್ಲ.

ಅದರ ಗುಣವೇ ಹಾಗೆ. ಅದರಲ್ಲಿ ಹೀಟರ್ ಕಾಯಿಲಿನ ಬದಲು ಫ್ರಿಜ್ಜಿನ ಹಾಗೆ ಕಂಪ್ರೆಸರ್. ಕಡಿಮೆ ಬಿಸಿಯಲ್ಲಿ ನಿಧಾನ ಒಣಗಿಸುತ್ತದೆ, ಕರೆಂಟು ಉಳಿಸುತ್ತದೆ. ಮೊದಲ ಹದಿನೈದು ನಿಮಿಷ ತಣ್ಣಗೇ ಅನಿಸಬಹುದು. ಪೂರ್ತಿ ಓಡಿದ ಮೇಲೂ ತಣ್ಣಗಿದ್ದು ಡಬ್ಬದಲ್ಲಿ ನೀರೇ ಸೇರದಿದ್ದರೆ ಕಂಪ್ರೆಸರ್ ಓಡುತ್ತಿಲ್ಲ ಅಥವಾ ಗ್ಯಾಸ್ ಸೋರಿದೆ. ಹೊಸವುಗಳಲ್ಲಿ ಬೆಂಕಿ ಹಿಡಿಯುವ ಪ್ರೊಪೇನ್, ಅಂದರೆ ಆರ್ 290, ಇರುತ್ತದೆ. ಅದನ್ನು ನಾನೂ ಮುಟ್ಟುವುದಿಲ್ಲ.

ಒಗೆಯುವುದೂ ಒಣಗಿಸುವುದೂ ಒಂದರಲ್ಲೇ. ಬಿಸಿನೀರು ಬರುತ್ತದೆ, ಬಿಸಿಗಾಳಿ ಬರುವುದಿಲ್ಲ. ಹೇಗೆ?

ಎರಡಕ್ಕೂ ಬೇರೆ ಬೇರೆ ಹೀಟರ್. ನೀರಿನದ್ದು ತೊಟ್ಟಿಯ ಅಡಿಯಲ್ಲಿ, ಗಾಳಿಯದ್ದು ಮೇಲೆ. ಒಂದು ಹೋದರೆ ಇನ್ನೊಂದು ಓಡುತ್ತಲೇ ಇರುತ್ತದೆ. ಬಿಚ್ಚಿಸುವ ಮೊದಲು ಎರಡು ವಿಷಯ. 8 ಕಿಲೋ ಒಗೆದರೂ ಒಣಗಿಸುವ ಮಿತಿ 5 ಕಿಲೋದ ಹತ್ತಿರ ಇರುತ್ತದೆ; ಮಿಕ್ಕ ಬಟ್ಟೆ ಹೊರಗೆ ತೆಗೆಯಬೇಕು. ಮತ್ತೆ, ಇಂಥ ಎಷ್ಟೋ ಮಿಶನುಗಳು ಆವಿ ತಣಿಸಲು ನಳ್ಳಿಯ ತಣ್ಣೀರನ್ನೇ ಬಳಸುತ್ತವೆ. ಒಗೆದಾಯಿತಲ್ಲ ಎಂದು ನಳ್ಳಿ ಬಂದ್ ಮಾಡಿದರೆ ಬಟ್ಟೆ ಒಳಗೇ ಬೇಯುತ್ತದೆ, ಒಣಗುವುದಿಲ್ಲ.

ಕಂಪೆನಿಯವರನ್ನೇ ಕರೆಯುವುದಾ, ಹೊರಗಿನವರನ್ನಾ? ಎಂತ ಹೇಳಬೇಕು?

ವಾರಂಟಿ ಇದ್ದರೆ ಕಂಪೆನಿಯವರೇ. ಕಾಲ್ ಸೆಂಟರಿನಲ್ಲಿ ಪಿನ್ ಕೋಡ್ ಕೇಳುತ್ತಾರೆ. ನಮ್ಮದು 671ರಿಂದ ಶುರು, ಹಾಗಾಗಿ ಕೇರಳದ ಪಟ್ಟಿಗೆ ಹೋಗುತ್ತದೆ. ಮಂಜೇಶ್ವರದವರಿಗೆ ಮಂಗಳೂರು ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಆದರೂ ಜನ ಬರುವುದು ತೆಂಕಣದಿಂದ, ಅವರ ಸರದಿ ಬಂದಾಗ. ಬಂದವರಿಗೆ ಕನ್ನಡ ಬಾರದಿದ್ದರೆ "ಚೂಡಾವುನ್ನಿಲ್ಲ" ಎಂದರೆ ಸಾಕು, ಬಿಸಿ ಆಗುವುದಿಲ್ಲ ಎಂದು ಅರ್ಥವಾಗುತ್ತದೆ. ವಾರಂಟಿ ಮುಗಿದಿದ್ದರೆ ಕಾಯಿಲ್, ಫ್ಯೂಸ್, ರಿಲೇ ಮಟ್ಟದ ಕೆಲಸಕ್ಕೆ ಊರಿನವರೇ ಸಾಕು. ಹತ್ತು ವರ್ಷ ದಾಟಿದ ಮಿಶನಿಗೆ ಪೂರ್ತಿ ಬೋರ್ಡ್ ಬೇಕು ಎಂದರೆ ನಾನಾದರೂ ಬೇಡ ಎನ್ನುತ್ತೇನೆ.

ಯಾರನ್ನೇ ಕರೆಯಿರಿ, ಬಾಗಿಲು ತೆಗೆದಾಗ ಅಂಚಿನಲ್ಲಿ ಕಾಣುವ ಮಾಡೆಲ್ ನಂಬರಿನ ಸ್ಟಿಕ್ಕರನ್ನು ಫೋಟೋ ತೆಗೆದು ಮೊದಲೇ ಕಳಿಸಿ. "ಬಿಳಿ ಬಣ್ಣದ್ದು, ದೊಡ್ಡದು" ಎಂದು ಹೇಳಿದರೆ ಯಾವ ಫ್ಯೂಸ್ ತರಬೇಕೆಂದು ತಿಳಿಯದೆ ಮಳೆಯಲ್ಲಿ ಎರಡೆರಡು ಸಲ ಬರಬೇಕಾಗುತ್ತದೆ.